ಬಯಲಿನಲ್ಲಿ ಕಿರುಚಿದ ಮೀಟರು

ತಪ್ಪು ಮೀಟರಿನದಲ್ಲ, ನನ್ನದು. ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಿದರೆ ಅಲ್ಲಿಯವರೆಗೆ ನೀವು ನನ್ನನ್ನು ಜಾಣನೆಂದುಕೊಂಡು ಓದಿರುತ್ತೀರಿ, ಇಬ್ಬರಿಗೂ ಮುಜುಗರ. ನಾನು ಮಾಡಿದ್ದು ಇಷ್ಟೇ: ಒಂದು ಗುಂಡಿ ಒತ್ತಿದೆ. ಒತ್ತಬಾರದ ಜಾಗದಲ್ಲಿ ನಿಂತು ಒತ್ತಿದೆ.

ಐಟಿಐ ಮುಗಿಸಿ ತಾಳ್ಯದಿಂದ ಬಂದವನಿಗೆ ಹಿರಿಯೂರಿನ ಹತ್ತಿರ, ಹೆದ್ದಾರಿ ಪಕ್ಕದ ಅಡುಗೆ ಎಣ್ಣೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ನಾನು ಹೆಸರು ಮಾಡಿದ್ದು ಕೆಲಸದಿಂದಲ್ಲ, ಅಣಕದಿಂದ. ನಮ್ಮ ಸೂಪರ್‌ವೈಸರು ಹೊಸದುರ್ಗದವರು. ಬೈಯುವ ಮೊದಲು ಅವರು ಎರಡು ಸಲ ಕೆಮ್ಮುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಹಾಗೆ ಕೆಮ್ಮಿದರೆ ಇಡೀ ಪಾಳಿ ಎದ್ದು ನಿಲ್ಲುತ್ತಿತ್ತು. ನನ್ನ ನಡಿಗೆಯನ್ನೂ ಬಿಟ್ಟವನಲ್ಲ; ಕಾದ ತಗಡಿನ ಮೇಲೆ ಕೊಕ್ಕರೆ ನಡೆದಂತೆ ಮಾಡಿ ತೋರಿಸುತ್ತಿದ್ದೆ. ನಿಜಕ್ಕೂ ಹಾಗೇ ಇತ್ತು ಅದು. ಒಂದು ಕಡೆ ಸುಮ್ಮನೆ ನಿಲ್ಲುವುದು ನನ್ನ ಕಾಲಿಗೆ ಬರುತ್ತಿರಲಿಲ್ಲ.

ಎಣ್ಣೆ ಕಮಟು ಹಿಡಿಯದಿರಲೆಂದು ಟ್ಯಾಂಕಿನಲ್ಲಿ ಅದರ ಮೇಲೆ ಸಾರಜನಕ ತುಂಬುತ್ತಾರೆ. ಎಣ್ಣೆಗೆ ಒಳ್ಳೆಯದು, ಮನುಷ್ಯನಿಗಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ; ಒಳಗಿಳಿದವನು ತನಗೇನಾಯಿತೆಂದು ತಿಳಿಯುವ ಮೊದಲೇ ಕುಸಿಯುತ್ತಾನೆ. ಅದಕ್ಕೇ ಯಾರಾದರೂ ಇಳಿಯುವ ಮುಂಚೆ ಆಮ್ಲಜನಕದ ಮೀಟರು ಹಿಡಿದು ನೋಡಬೇಕು.

ಹೊಸ ಮೀಟರು ತಂದುಕೊಟ್ಟವನು ಎತ್ತಿನ ಸುಳಿ ತೋರಿಸುವ ದಲ್ಲಾಳಿಯಂತೆ ಅದರ ಗುಣಗಾನ ಮಾಡಿದ್ದ. ಅಂಗೈಯಗಲದ್ದು, ಆದರೆ ಹೊಟ್ಟೆಯೊಳಗೊಂದು ಪಂಪು. ಉದ್ದನೆಯ ಕೊಳವೆ ಇಳಿಬಿಟ್ಟರೆ ಟ್ಯಾಂಕಿನ ತಳದ ಗಾಳಿಯನ್ನೂ ಎಳೆದು ಅಂಕಿ ತೋರಿಸುತ್ತದೆ. ಆಮ್ಲಜನಕ ನೂರಕ್ಕೆ ಹತ್ತೊಂಬತ್ತೂವರೆಗಿಂತ ಕಡಿಮೆಯಾದರೆ ಕಿರುಚುತ್ತದೆ, ಇಪ್ಪತ್ಮೂರೂವರೆ ದಾಟಿದರೂ ಕಿರುಚುತ್ತದೆ. ಯಂತ್ರಗಳ ಗದ್ದಲದಲ್ಲಿ ಕೇಳಿಸದಿದ್ದರೆ ಎಂದು ಮೈ ನಡುಗಿಸುತ್ತದೆ. ಒಂದು ಗುಂಡಿಯುಂಟು, ಒತ್ತಿದರೆ ಆಗ ಒಳಗೆಳೆದುಕೊಂಡ ಗಾಳಿಯನ್ನೇ ಶುದ್ಧ ಗಾಳಿ, ಅಂದರೆ ಇಪ್ಪತ್ತು ಪಾಯಿಂಟ್ ಒಂಬತ್ತು, ಎಂದು ಲೆಕ್ಕ ಹಿಡಿದುಕೊಳ್ಳುತ್ತದೆ. ಅದನ್ನು ಬಯಲಿನಲ್ಲಿ ಮಾತ್ರ ಒತ್ತಬೇಕೆಂದು ಅವನು ಬಿಡಿಸಿ ಹೇಳಿದ್ದ. ನಾನು ಆಗ ಅವನು ಮೂಗಿನಲ್ಲಿ ಮಾತಾಡುವುದನ್ನು ಕಲಿಯುತ್ತಿದ್ದೆ.

ಖಾಲಿ ಮಾಡಿದ ಟ್ಯಾಂಕೊಂದರೊಳಗೆ ಕೊಳವೆಯ ಆಸರೆ ಬಿರುಕು ಬಿಟ್ಟಿತ್ತು. ವೆಲ್ಡಿಂಗಿಗೆ ಚಿತ್ರದುರ್ಗದಿಂದ ಚಾಚಾ ಬಂದರು. ಎಲ್ಲರಿಗೂ ಅವರು ಚಾಚಾನೇ, ಅವರಿಗಿಂತ ಹಿರಿಯರಿಗೂ. ಒಳಗಿಳಿಯುವ ಮೊದಲು ಅವರು ಅಂಕಿ ಕೇಳುತ್ತಿರಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿಯುತ್ತಾ, ಎಲೆಅಡಿಕೆ ತುಂಬಿದ ಬಾಯಲ್ಲೇ ಗಾಳಿ ಐತೇನಪ್ಪ ಎಂದು ಮೀಟರು ಹಿಡಿದವನನ್ನು ಕೇಳುವರು. ಐತೆ ಎಂದರೆ ಇಳಿಯುವರು.

ಗೇಟಿನ ಹೊರಗೆ ಆ ಟ್ಯಾಂಕಿಗೇ ಸುರಿಯಬೇಕಾದ ಎಣ್ಣೆ ತುಂಬಿದ ಟ್ಯಾಂಕರ್‌ಗಳು ಕಾಯುತ್ತಿದ್ದವು. ಚಾಲಕರು ಹಾರ್ನ್ ಹೊಡೆಯುತ್ತಿದ್ದರು. ಸೂಪರ್‌ವೈಸರು ಕೆಳಗೆ ಅತ್ತಿಂದಿತ್ತ ತಿರುಗುತ್ತಿದ್ದರು. ನಾನು ಟ್ಯಾಂಕಿನ ನೆತ್ತಿಯ ಮೇಲೆ ಕೂತು ಅದರ ಬಾಯೊಳಕ್ಕೆ ಕೊಳವೆಯನ್ನು ಮೊಳದಷ್ಟು ಬಿಟ್ಟೆ. ಹದಿನೆಂಟು. ಕಿರುಚಿತು. ಕಾದೆ. ಹದಿನೆಂಟೇ. ಮತ್ತೆ ಕಿರುಚಿತು.

"ಅದ್ರ ಬಾಯಿ ಮುಚ್ಚಿಸಲೇ," ಎಂದರು ಸೂಪರ್‌ವೈಸರು ಕೆಳಗಿನಿಂದ. ಕೆಮ್ಮಲೂ ಪುರಸೊತ್ತಿರಲಿಲ್ಲ ಅವರಿಗೆ.

ಹೊಸ ಮೀಟರು, ಬೆಳಗ್ಗೆ ಸರಿಮಾಡಿಕೊಂಡಿಲ್ಲ, ಅದಕ್ಕೇ ಹಟ ಎಂದುಕೊಂಡು, ಕೊಳವೆಯನ್ನು ಹೊರಗೆಳೆಯದೆ, ಕೂತಲ್ಲೇ ಗುಂಡಿ ಒತ್ತಿದೆ. ಇಪ್ಪತ್ತು ಪಾಯಿಂಟ್ ಒಂಬತ್ತು. ತೆಪ್ಪಗಾಯಿತು. ಬೇಕಾದಷ್ಟು ಐತೆ ಚಾಚಾ ಎಂದೆ, ಮೀಟರು ಮಾರಿದವನ ಮೂಗುದನಿಯಲ್ಲೇ. ಚಾಚಾ ನಕ್ಕು ಹಗ್ಗ ಬಿಗಿದುಕೊಂಡರು.

ಹಗ್ಗದ ತುದಿ ಹಿಡಿದು ಅಲ್ಲೇ ನಿಲ್ಲಬೇಕಿತ್ತು. ಅವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಚಹಾ ಹೇಳಿ ಬರೋಣವೆಂದು ಏಣಿಯಿಳಿದೆ. ಕೊಳವೆ ಸುತ್ತಿ ಕೊರಳಿಗೆ ಹಾಕಿಕೊಂಡಿದ್ದೆ, ಮೀಟರೂ ಕೊರಳಲ್ಲೇ. ಬಯಲಿಗೆ ಬಂದೆನೋ ಇಲ್ಲವೋ, ಎದೆಯ ಮೇಲೆ ಅದು ನಡುಗಿ ಕಿರುಚಿತು. ಇಪ್ಪತ್ನಾಲ್ಕು ದಾಟಿದೆ! ಹಿರಿಯೂರಿನ ಗಾಳಿಗೆ ಇಷ್ಟು ಸತ್ವವಿದ್ದರೆ ಬಾಟಲಿಗೆ ತುಂಬಿ ಮಾರು ಎಂದು ಕ್ಯಾಂಟೀನಿನವನಿಗೆ ಹೇಳಿ ನಕ್ಕೆ. ಅದು ನಡುಗುವುದನ್ನು ನಿಲ್ಲಿಸಲಿಲ್ಲ.

ಮತ್ತೆ ಅಂಕಿ ನೋಡಿದೆ. ಬಯಲಿನಲ್ಲಿ ಇಪ್ಪತ್ನಾಲ್ಕು ಹೇಗೆ ಬರುತ್ತದೆ? ಟ್ಯಾಂಕಿನ ಕೆಟ್ಟ ಗಾಳಿಯನ್ನು ತೋರಿಸಿ ಇದೇ ಶುದ್ಧ ಎಂದು ನಾನೇ ಅದಕ್ಕೆ ಕಲಿಸಿದ್ದೆ. ಈಗ ಶುದ್ಧವಾದದ್ದು ಅದಕ್ಕೆ ಹೆಚ್ಚಾಗಿ ಕಾಣುತ್ತಿತ್ತು.

ಓಡಿದೆ. ಏಣಿ ಹತ್ತಿದಾಗ ಚಾಚಾ ಎದೆಯವರೆಗೆ ಇಳಿದಿದ್ದರು. ಕೂಗಲು ಬಾಯಿ ತೆರೆದರೆ ದನಿ ಹೊರಡಲಿಲ್ಲ, ನನ್ನದೂ ಅಲ್ಲ, ಇನ್ನೊಬ್ಬರದೂ ಅಲ್ಲ. ಕಾಲರು ಹಿಡಿದೆಳೆದೆ.

"ಬಿಡಲೇ, ಚೇಷ್ಟೆಗೂ ಹೊತ್ತು ಗೊತ್ತು ಐತೆ," ಎಂದು ಕೈ ಕೊಡವಿದರು.

ಎರಡೂ ಕೈಯಿಂದ ಹಗ್ಗ ಜಗ್ಗಿದೆ. ಅವರ ಅಂಗಿಯ ಗುಂಡಿ ಹಾರಿತು. ಬೈಯುತ್ತಾ ಮೇಲೆ ಬಂದರು.

ಮೀಟರನ್ನು ಬಯಲಿಗೊಯ್ದು ಸರಿಮಾಡಿ ತಂದು ಈ ಸಲ ತಳದವರೆಗೆ ಕೊಳವೆ ಬಿಟ್ಟೆವು. ಹದಿನಾಲ್ಕು. ಏಣಿ ಹತ್ತಿ ಬಂದು ನೋಡಿದ ಸೂಪರ್‌ವೈಸರು ಗೇಟಿನ ಕಡೆ ತಿರುಗಿದರು. ಟ್ಯಾಂಕರಿನವರಿಗೆ ಊಟ ಮಾಡಿಕೊಂಡು ಬರಲು ಹೇಳಿ ಕಳಿಸಿದರು. ಮಧ್ಯಾಹ್ನದವರೆಗೆ ಹೊಸ ಗಾಳಿಯೂದುವ ಬ್ಲೋವರ್ ಹಾಕಿ, ಮೇಲೆ, ನಡುವೆ, ತಳದಲ್ಲಿ ಮತ್ತೆ ಅಳೆದ ಮೇಲೆಯೇ ಚಾಚಾ ಇಳಿದರು. ಅವರು ಬೆಸುಗೆ ಮುಗಿಸಿ ಬರುವತನಕ ನಾನು ಹಗ್ಗ ಬಿಡಲಿಲ್ಲ.

ಆಮೇಲೆ ಎಲ್ಲರೂ ಚಹಾಕ್ಕೆ ಕೂತೆವು. ಸುಮ್ಮನೆ ಕೂರಲು ನನ್ನ ಕಾಲು ಬಿಡಲಿಲ್ಲ. ಎದ್ದು ನಿಂತು ಬೆಳಗಿನದನ್ನು ಆಡಿ ತೋರಿಸತೊಡಗಿದೆ: ನನ್ನ ಕೊಕ್ಕರೆ ಓಟ, ಹಾರಿದ ಗುಂಡಿ, ಕೊನೆಗೆ ಎಲೆಅಡಿಕೆ ತುಂಬಿದ ಬಾಯಿಯ ಚಾಚಾನ ದನಿ. ಸೂಪರ್‌ವೈಸರೂ ನಕ್ಕುಬಿಟ್ಟರು. ಚಾಚಾ ಮಾತ್ರ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ನನ್ನ ದನಿ ಚಲೋ ತಗೀತೀಯಪ್ಪ. ಬೆಳಗ್ಗೆ ನಾನು ಮ್ಯಾಲಕ್ಕೆ ಬರದಿದ್ರೆ, ಸಂಜೆ ನಮ್ಮನೆಗೆ ಹೋಗಿ ನನ್ನ ಮಕ್ಳ ಮುಂದೆ ಇದೇ ದನೀಲಿ ಮಾತಾಡ್ತಿದ್ದೇನು?"