ಆರಿಸಲಾಗದ ಕೊರಲೆ

ಅಡುಗೆಗೆಂದು ಅಕ್ಕಿಯೋ ಸಾಮೆಯೋ ಅಳೆದುಕೊಂಡ ಮೇಲೆ, ತೊಳೆಯುವ ಮುನ್ನ ಅದರಿಂದ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಮಣ್ಣಿನ ಗಡಿಗೆಗೆ ಹಾಕುವುದು ನನ್ನ ಕೈಗೆ ಎಷ್ಟು ರೂಢಿಯಾಗಿದೆಯೆಂದರೆ, ನೆಂಟರ ಮನೆಯಲ್ಲಿ ಅಡುಗೆಗೆ ನಿಂತರೂ ಹಿಡಿ ತುಂಬಿಕೊಂಡು ಗಡಿಗೆ ಎಲ್ಲಿ ಎಂದು ಸುತ್ತ ನೋಡಿಬಿಡುತ್ತೇನೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ನಮ್ಮ ಚರ್ಚಿನ ಸಭೆಯ ಮನೆಗಳಲ್ಲೆಲ್ಲ ಈ ಗಡಿಗೆ ಉಂಟು. ಭಾನುವಾರ ಎಲ್ಲರ ಗಡಿಗೆಯೂ ಚರ್ಚಿನ ಒಂದೇ ಬುಟ್ಟಿಗೆ ಬರಿದಾಗಿ, ಆ ವಾರ ಯಾರ ಮನೆಯಲ್ಲಿ ಕಾಯಿಲೆಯೋ ಕಷ್ಟವೋ ಆ ಮನೆಗೆ ಬುಟ್ಟಿ ಹೋಗುತ್ತದೆ. ಇದರಲ್ಲೇನು ಕಷ್ಟ, ಒಂದು ಹಿಡಿ ತಾನೆ ಎಂದು ನಿಮಗನ್ನಿಸಬಹುದು. ನಮ್ಮಮ್ಮನಿಗೂ ಹಾಗೇ ಅನ್ನಿಸಿತ್ತು, ಆ ಬುಟ್ಟಿ ನಮ್ಮ ಬಾಗಿಲಿಗೇ ಬರುವ ತನಕ.

ನನ್ನ ಬಾಲ್ಯ ಕಳೆದದ್ದು ಕಲ್ಯಾಣದುರ್ಗದಲ್ಲಿ. ಅಪ್ಪ ಅಲ್ಲಿ ಉಪದೇಶಿ. ಸಂತೆಯಿಂದ ಸಂತೆಗೆ ಹೋಗಿ ಕೀರ್ತನೆ ಹಾಡಿ ಸುವಾರ್ತೆ ಹೇಳುವುದು ಅವರ ಕೆಲಸ. ಜೊತೆಗೆ ತಾಳ ಹಾಕುತ್ತಿದ್ದವನು ದಾನಣ್ಣ. ಅಪ್ಪನಿಂದಲೇ ಅಕ್ಷರ ಕಲಿತು, ಅಪ್ಪನ ಮಾತು ಕೇಳಿಯೇ ಸಭೆಗೆ ಸೇರಿದ ಅವನು, ಅಪ್ಪ ಹೋದಲ್ಲೆಲ್ಲ ಹೋಗುತ್ತಿದ್ದ, ಅಪ್ಪ ಕೆಮ್ಮಿದರೆ ನೀರು ಹಿಡಿದು ನಿಲ್ಲುತ್ತಿದ್ದ. ಅವನದು ಕಲ್ಲುಭೂಮಿ, ಅದರಲ್ಲಿ ಸಾಮೆಯಂಥದೇ ಕಿರುಧಾನ್ಯವಾದ ಕೊರಲೆ ಬೆಳೆಯುತ್ತಿದ್ದ. ಸಭೆಯ ಉಳಿದವರದೆಲ್ಲ ಸಾಮೆ, ನವಣೆ, ಕೊರಲೆ ಅವನೊಬ್ಬನದೇ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಯುದ್ಧದ ಕಾಲದಲ್ಲಿ ಒಮ್ಮೆ ಇಬ್ಬರೂ ಇದ್ದಿಲು ಉರಿಸಿ ಓಡುವ ಬಸ್ಸು ಹತ್ತಿ ಹಿಂದೂಪುರದ ಸಂತೆಗೆ ಹೋದರು. ಅಲ್ಲಿ ಒಬ್ಬ ವ್ಯಾಪಾರಿಯ ಹುಣಿಸೆಹಣ್ಣಿನ ಮೂಟೆ ಕಾಣೆಯಾಯಿತು. ಪರವೂರಿನ ಮುಖವೆಂದು ಅಪ್ಪನ ತೋಳು ಹಿಡಿದರು. ಪೊಲೀಸಿನವನು ಲಾಠಿ ಹಿಡಿದು ಬಂದ. ಈತ ನನ್ನ ಜೊತೆಗಾರ, ಬೇಕಾದರೆ ಕೇಳಿ ಎಂದು ಅಪ್ಪ ದಾನಣ್ಣನನ್ನು ತೋರಿಸಿದರು. ದಾನಣ್ಣ ತಾಳಗಳನ್ನು ಪಂಚೆಯ ಮಡಿಕೆಗೆ ಸರಿಸಿ, "ಈಯಪ್ಪ ಯಾರೋ ನಂಗೊತ್ತಿಲ್ಲ ಸಾಮಿ" ಎಂದವನೇ ಜನದಲ್ಲಿ ಕರಗಿಹೋದ. ಮೂಟೆ ಇನ್ನೊಂದು ಗಾಡಿಯಡಿಯಲ್ಲೇ ಸಿಕ್ಕಿತು. ಆದರೆ ಅಷ್ಟು ಹೊತ್ತಿಗೆ ಅಪ್ಪ ಠಾಣೆಯ ಅಂಗಳದಲ್ಲಿ ಬಿಸಿಲಿಗೆ ಕೂತು ಸಂಜೆಯಾಗಿತ್ತು.

ಅಪ್ಪ ಮನೆಗೆ ಬಂದು ಇದನ್ನೆಲ್ಲ ಹೇಳಿದ್ದು ನಗುತ್ತಲೇ. ಶಿಲುಬೆಗೇರಿಸಲು ಸ್ವಾಮಿಯನ್ನು ಹಿಡಿದುಕೊಂಡು ಹೋದಾಗ ಶಿಷ್ಯ ಪೇತ್ರನೂ ನಾನವನನ್ನು ಅರಿಯೆ ಎಂದವನೇ, ಕೋಳಿ ಕೂಗಿದ ಮೇಲೆ ಅತ್ತವನೇ ಅಲ್ಲವೆ? ನಮ್ಮ ದಾನಣ್ಣನ ಪಾಲಿಗೆ ಮಟಮಟ ಮಧ್ಯಾಹ್ನ, ಸಂತೆಯ ಕೋಳಿಗಳೆಲ್ಲ ಕಾಲು ಕಟ್ಟಿಸಿಕೊಂಡು ಸುಮ್ಮನೆ ಬಿದ್ದಿದ್ದವು, ಪಾಪ ಅವನಿಗೆ ಅಳಲು ಯಾರೂ ಹೇಳಿಕೊಡಲಿಲ್ಲ ಎಂದರು. ಅಮ್ಮ ನಗಲಿಲ್ಲ. ಬಿಸಿಲಿಗೆ ಸುಲಿದ ಅಪ್ಪನ ಹೆಗಲಿಗೆ ಎಣ್ಣೆ ಹಚ್ಚುತ್ತ, "ನೀವು ಬೇಕಾದ್ರೆ ಕ್ಷಮಿಸ್ಕೊಳ್ರಿ. ನನ್ನ ಕೈಲಾಗಲ್ಲ" ಎಂದಳು.

ಅಂದಿನಿಂದ ದಾನಣ್ಣ ಚರ್ಚಿನೊಳಕ್ಕೆ ಬರಲಿಲ್ಲ. ಹೊರಗೆ ಬೇವಿನ ಮರದಡಿ ಕೂತು ಕೀರ್ತನೆ ಕೇಳಿ, ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗುತ್ತಿದ್ದ. ಅಪ್ಪ ಹೇಳಿಕಳಿಸಿದರೆ ಯಾವ ಮುಖ ಇಟ್ಕೊಂಡು ಬರಲಿ ಎಂಬ ಉತ್ತರ ಬರುತ್ತಿತ್ತು. ತಾಳವಿಲ್ಲದ ನಮ್ಮ ಹಾಡು ಸೊರಗಿತ್ತು. ಅದಕ್ಕಿಂತ ಹೆಚ್ಚು ಅಪ್ಪ ಸೊರಗಿದ್ದರು. ಕೊನೆಗೆ ಚಳಿಜ್ವರ ಹಿಡಿದು ಮಲಗಿಯೇಬಿಟ್ಟರು. ಆ ಭಾನುವಾರ ಬುಟ್ಟಿ ನಮ್ಮ ಮನೆಗೆ ಬಂತು.

ಯಾವಾಗಲೂ ಕೊಟ್ಟೇ ಅಭ್ಯಾಸವಿದ್ದ ಅಮ್ಮ ಸಂಕೋಚದಿಂದಲೇ ಬುಟ್ಟಿಯನ್ನು ಮೊರಕ್ಕೆ ಸುರುವಿದಳು. ಸುರುವಿದವಳು ಹಾಗೇ ನಿಂತಳು. ಹಳದಿ ನವಣೆ, ಬಿಳಿಚು ಸಾಮೆ, ನಡುನಡುವೆ ಹಸುರು ಛಾಯೆಯ ಸಣ್ಣ ಕಾಳು. ಕೊರಲೆ! ದಾನಣ್ಣ ಚರ್ಚು ಬಿಟ್ಟಿದ್ದರೂ ಅವನ ಗಡಿಗೆ ಬಿಟ್ಟಿರಲಿಲ್ಲ. ಹೆಂಡತಿಯ ಕೈಲಿ ವಾರವಾರವೂ ಅವನ ಹಿಡಿ ಬಂದು ಬುಟ್ಟಿಗೆ ಬೀಳುತ್ತಲೇ ಇತ್ತು.

ಆಗ ಅಮ್ಮ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯದು. ಅವನ ಕಾಳು ನಮ್ಮ ಮನೆಯಲ್ಲಿ ಬೇಯಬಾರದೆಂದು ಹಟ ತೊಟ್ಟು, ಬಾಗಿಲ ಬೆಳಕಿಗೆ ಮೊರ ಇಟ್ಟುಕೊಂಡು, ಕೊರಲೆಯನ್ನು ಒಂದೊಂದಾಗಿ ಆರಿಸತೊಡಗಿದಳು. ನವಣೆಯಿಂದ ಹೇಗೋ ಬೇರೆಯಾಯಿತು. ಸಾಮೆಯಿಂದ ಬೇರೆ ಮಾಡುವುದು ಯಾರಪ್ಪನಿಂದ ಸಾಧ್ಯ? ಆರಿಸಿ ಬದಿಗಿಟ್ಟದ್ದರಲ್ಲಿ ಸಾಮೆ, ಉಳಿದದ್ದರಲ್ಲಿ ಕೊರಲೆ. ಹೊತ್ತು ನೆತ್ತಿಗೇರಿತು, ಒಲೆ ಉರಿಯಲಿಲ್ಲ. ಕಂಬಳಿಯೊಳಗಿಂದ ಅಪ್ಪ ಕೇಳಿದರು:

"ಸಿಕ್ತೇನೆ, ದಾನಣ್ಣನ ಕಾಳೆಲ್ಲಾ?"

ಅಮ್ಮ ಆರಿಸಿಟ್ಟದ್ದನ್ನೂ ಮೊರದಲ್ಲಿ ಉಳಿದದ್ದನ್ನೂ ದಿಟ್ಟಿಸಿ ನೋಡಿ, ಎರಡನ್ನೂ ಒಟ್ಟಿಗೆ ಪಾತ್ರೆಗೆ ಸುರಿದು ನೀರು ಹೊಯ್ದಳು. ಅನ್ನ ಬೇಯಲು ಇಟ್ಟು, ಒಲೆ ನೋಡಿಕೋ ಎಂದು ನನಗೆ ಹೇಳಿ ಸೆರಗು ಬಿಗಿದು ಹೊರಟವಳು, ಹುಣಿಸೆಚಿಗುರಿನ ಬೇಳೆ ಕುದಿಯುವ ಹೊತ್ತಿಗೆ ದಾನಣ್ಣನನ್ನು ಕರೆದುಕೊಂಡೇ ಬಂದಳು. ಅವನು ಹೊಸಿಲಾಚೆಯೇ ನಿಂತ.

"ಒಳಗೆ ಬಾ ದಾನಣ್ಣ. ನಿನ್ನ ಕೊರಲೆ ಆರ್ಸಿ ಆರ್ಸಿ ನನ್ನ ಕಣ್ಣೇ ಹೋದ್ವು. ಆರ್ಸಾಕ್ ಆಗಲ್ಲ ಕಣಪ್ಪ. ಕೂತ್ಕಂಡು ಉಣ್ಣು."

ತಟ್ಟೆಯ ಮುಂದೆ ಕೂತ ದಾನಣ್ಣ, "ಉಪದೇಶಿಗಳೇ, ಅವತ್ತು ನಾನು…" ಎನ್ನುವಷ್ಟರಲ್ಲೇ ಅತ್ತುಬಿಟ್ಟ. ಪ್ರೀತಿ ಉಕ್ಕಿದಾಗ ತೆಲುಗಿಗೆ ತಿರುಗುತ್ತಿದ್ದ ಅಪ್ಪ, "ಮುಂದು ತಿನು ನಾಯನಾ, ತರ್ವಾತ ಏಡುದ್ದುವು" ಎಂದರು. ಮೊದಲು ಉಣ್ಣು, ಅಳುವುದು ಆಮೇಲಾಯಿತು ಎಂದು. ಅಳುತ್ತಿದ್ದವನೂ ನಕ್ಕ, ಅಮ್ಮನೂ ನಕ್ಕಳು. ಮುಂದಿನ ಭಾನುವಾರ ತಾಳ ಎಷ್ಟು ಜೋರಾಗಿ ಕೇಳಿತೆಂದರೆ ಕೀರ್ತನೆಯ ಮಾತೇ ಯಾರಿಗೂ ಕೇಳಿಸಲಿಲ್ಲ.

ಕ್ಷಮೆಯೆಂಬುದು ದೊಡ್ಡ ಮನಸ್ಸಿನವರ ದಾನವೆಂದು ನಾನು ಬಹುಕಾಲ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಒಂದೇ ಬುಟ್ಟಿಯಿಂದ ಉಣ್ಣುವವರಲ್ಲಿ ತಪ್ಪಿದವನ ಕಾಳು ಯಾವುದು, ತಪ್ಪದವನದು ಯಾವುದು ಎಂದು ಹುಡುಕುತ್ತ ಕೂತರೆ ಒಲೆ ಹೊತ್ತುವುದೇ ಇಲ್ಲ. ಶಿಷ್ಯನಾಗಿ ಉಳಿಯುವುದೆಂದರೆ ಎಂದೂ ಎಡವದಿರುವುದಲ್ಲ, ಎಡವಿದ ಮೇಲೂ ಹಿಡಿ ಹಾಕುವುದನ್ನು ಬಿಡದಿರುವುದು. ಇದನ್ನು ನನಗೆ ಕಲಿಸಿದವನು ದಾನಣ್ಣ.

ಮದುವೆಯಾಗಿ ನಾನು ಸೇರಿದ್ದು ಇದೇ ಹಿಂದೂಪುರವನ್ನು. ತರಕಾರಿಗೆ ಹೋಗುವಾಗ ಆ ಠಾಣೆಯ ಮುಂದೆಯೇ ಹಾದುಹೋಗುತ್ತೇನೆ. ದಾನಣ್ಣ ನಮ್ಮಲ್ಲಿ ಉಂಡ ದಿನದಿಂದ ಬದುಕಿರುವವರೆಗೂ ಅಮ್ಮ ಅವನಿಂದ ಕೊರಲೆ ಕೇಳಿ ತಂದು, ತನ್ನ ಗಡಿಗೆಯ ಸಾಮೆಗೆ ತಾನೇ ಬೆರೆಸುತ್ತಿದ್ದಳು. ಯಾಕಮ್ಮ ಎಂದರೆ, "ಯಾರೂ ಆರ್ಸಾಕ್ ಆಗ್ಬಾರ್ದು, ಅದುಕ್ಕೆ" ಎನ್ನುತ್ತಿದ್ದಳು. ಇವತ್ತು ಯಾರ ಮೇಲೋ ಸಿಟ್ಟು ಮಾಡಿಕೊಂಡೇ ಒಲೆ ಹಚ್ಚಿದ್ದೇನೆ. ಗಡಿಗೆಗೆ ಸಾಮೆ ಒಂದು ಹಿಡಿ ಹಾಕಿದೆ; ಕೊರಲೆಯ ಡಬ್ಬ ತೆಗೆದು ಅದರಿಂದಲೂ ಒಂದು ಹಿಡಿ ಹಾಕಿ, ಕೈಯಾಡಿಸಿ ಚೆನ್ನಾಗಿ ಬೆರೆಸಿದೆ.