ಶುಂಠಿ ಸಸಿಗಳ ಬಾಣಂತನ

ಬೀದರಿನ ಮೈಲೂರ ಕಡೆಗಿದ್ದ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಆ ಬೆಳಿಗ್ಗೆ ಇದ್ದವರು ಐದು ಜನ: ಪಾಠ ಹೇಳುವ ನಾನು, ಬಿ.ಎಸ್ಸಿ. ಕೊನೆಯ ವರ್ಷದ ಮೂವರು ಹುಡುಗರು, ಔರಾದ ತಾಲ್ಲೂಕಿನ ಎಕಂಬಾದಿಂದ ಬರುತ್ತಿದ್ದ ಒಬ್ಬ ಹುಡುಗಿ. ಎಲ್ಲರೂ ಒಂದು ಟ್ರೇ ಸುತ್ತ ನಿಂತಿದ್ದೆವು. ಟ್ರೇಯಲ್ಲಿ ಶುಂಠಿ ಸಸಿಗಳು ಬಾಡಿ ಮಲಗಿದ್ದವು.

ಆ ವರ್ಷ ನಾನು ಟಿಶ್ಯೂ ಕಲ್ಚರನ್ನು ಬರೆಸಿ ಕಲಿಸುವುದನ್ನು ಬಿಟ್ಟಿದ್ದೆ. ಶುಂಠಿಯ ಒಂದು ಮೊಳಕೆಯ ಚೂರನ್ನು ಬಾಟಲಿಯೊಳಗಿನ ಸಕ್ಕರೆ, ಲವಣಗಳ ಪಾಕದಲ್ಲಿಟ್ಟು ಸಸಿ ಎಬ್ಬಿಸಬೇಕು. ಕೊನೆಗೆ ಹತ್ತು ಸಸಿಗಳನ್ನು ಹೊರಗಿನ ಗಾಳಿಯಲ್ಲಿ ಬದುಕಿಸಿ ತೋರಿಸಬೇಕು. ತೋರಿಸಿದವರು ಪಾಸು, ಇಲ್ಲದವರು ಇಲ್ಲ. ಅದೇ ಪ್ರಾಜೆಕ್ಟು, ಅದೇ ಪರೀಕ್ಷೆ.

ಬಾಟಲಿಯಲ್ಲಿ ಎಲ್ಲವೂ ಹಸಿರಾಗಿ ಎದ್ದಿದ್ದವು. ಮಣ್ಣಿಗಿಟ್ಟು ಮೂರನೇ ದಿನ ಮುಚ್ಚಿಗೆ ತೆಗೆಸಿದವನು ನಾನೇ. ಬರಗಾಲದ ಏಪ್ರಿಲ್ ಗಾಳಿ ಒಂದೇ ಮಧ್ಯಾಹ್ನದಲ್ಲಿ ಅವನ್ನು ಹೀರಿ ಹಾಕಿತು.

"ನಮ್ಮವೂ ಹೈದ್ರಾಬಾದಿಗಿ ಹೋದ್ವು ಬಿಡ್ರಿ ಸರ್," ಅಂದ ಭಾಲ್ಕಿಯ ಹುಡುಗ.

ಊರಿಗೆ ಊರೇ ಕೂಲಿ ಹುಡುಕಿಕೊಂಡು ಹೈದರಾಬಾದಿಗೆ ಹೋಗುತ್ತಿದ್ದ ಕಾಲ. ಹುಡುಗರು ನಕ್ಕರು. ಎಕಂಬಾದ ಹುಡುಗಿ ನಗಲಿಲ್ಲ. ಅವಳ ಅಪ್ಪ, ಅವ್ವ ಕುರಿ ಮಾರಿ ಆಗಲೇ ಅಲ್ಲಿನ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಇವಳನ್ನು ಆಯಿಯ ಹತ್ತಿರ, ಅಂದರೆ ಅಜ್ಜಿಯ ಹತ್ತಿರ, ಬಿಟ್ಟು ಹೋಗುವಾಗ ಅಪ್ಪ ಹೇಳಿದ್ದು ಒಂದೇ ಮಾತು: ಪಾಸಾದರೆ ಮುಂದೆ ಓದು, ಒಂದು ವಿಷಯ ಉಳಿದರೂ ಜೂನ್‌ನಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ.

ಒಬ್ಬೊಬ್ಬರ ಪಾಲಿಗೆ ತೆರೆಯದ ಎರಡೆರಡು ಬಾಟಲಿ ಉಳಿದಿದ್ದವು. ಅವಳು ತನ್ನವೆರಡನ್ನು ಎತ್ತಿಕೊಂಡಳು.

"ಇವು ಮನಿಗಿ ಒಯ್ತೇನ್ರಿ ಸರ್."

"ಅಲ್ಲಿ ನೆರಳಿನ ಪರದೆ ಇಲ್ಲ, ಏನಿಲ್ಲ. ಹ್ಯಾಂಗ ಉಳಸ್ತಿ ತಂಗಿ?"

"ಇಲ್ಲಿ ಎಲ್ಲಾ ಇದ್ದು ಉಳದಾವೇನ್ರಿ?"

ಒಯ್ಯಿ ಅಂದೆ.

ಎರಡು ವಾರ ಹೇಗೋ ತಡೆದೆ. ಮೂರನೇ ಭಾನುವಾರ ಸಂತಪುರದ ಮೇಲೆ ಹೋಗುವ ಬಸ್ಸು ಹಿಡಿದು ಔರಾದಿಗೆ, ಅಲ್ಲಿಂದ ಎಕಂಬಾಕ್ಕೆ ಹೋದೆ. ಆಯಿ ಒಳಕೋಣೆಯ ಹೊಸ್ತಿಲಿಗೆ ಅಡ್ಡ ಕೂತಿದ್ದಳು.

"ಅಲ್ಲೇ ನಿಲ್ರಿ ಮಾಸ್ತರ್. ಕಾಲ್ ತೊಳಕೊಂಡು ಬರ್ರಿ." ಕೈಗೆ ಅರ್ಧ ತಂಬಿಗೆ ನೀರು ಕೊಟ್ಟಳು. ಟ್ಯಾಂಕರಿನ ನೀರು. ಒಂದು ಹನಿ ಹೆಚ್ಚಿಗೆ ಚೆಲ್ಲದೆ ತೊಳೆದೆ.

ಬಾಗಿಲಿಗೆ ನೆನೆಸಿದ ಕಂಬಳಿ ಇಳಿಬಿಟ್ಟಿತ್ತು. ಕಿಟಕಿಗೆ ತೆಳ್ಳನೆಯ ಹಳೆಯ ಸೀರೆ. ಬೆಳಕು ಬರಬೇಕು, ಗಾಳಿ ಬರಬಾರದು. ಎರಡು ಕುಂಡಗಳಲ್ಲಿ ಆರಾರು ಸಸಿ. ಮೇಲೆ ಕಿರಾಣಿ ಅಂಗಡಿಯ ಬಿಸ್ಕೀಟಿನ ಬರಣಿಗಳನ್ನು ಬೋರಲು ಹಾಕಿದ್ದರು. ಬರಣಿಯ ಅಂಚಿಗೆ ಒಂದು ಹುಣಸೆ ಬೀಜ ಸಿಗಿಸಿ, ಕೂದಲೆಳೆಯಷ್ಟು ಸಂದು ಬಿಟ್ಟಿದ್ದರು.

"ಮೊದಲ್ನೇ ವಾರ ಗಾಳಿನೇ ಇಲ್ಲ. ಆಮ್ಯಾಲ ಹುಣಸಿ ಬೀಜ. ಮುಂದಿನ ವಾರ ಹಳ್ಳ, ಅದರಾಚಿಗಿ ದೊಡ್ಡ ಹಳ್ಳ," ಎಂದು ಹುಡುಗಿ ವಿವರಿಸಿದಳು. ಹಳ್ಳ ಅಂದರೆ ಆ ಮನೆಯಲ್ಲಿ ಬೀಜದ ಬದಲು ಸಿಗಿಸುವ ಬೆಣಚುಕಲ್ಲು.

"ಕೂಸು ಹೊಟ್ಯಾಗ ನೀರಾಗ ಇದ್ದದ್ದು," ಅಂದಳು ಆಯಿ. "ಮೂರೇ ದಿನಕ್ಕ ಬೈಲಿಗಿ ಒಯ್ದ್ರ ಬದುಕ್ತದೇನ್ರಿ? ನಿಮ್ಮ ಮನ್ಯಾಗ ಬಾಣಂತನ ಯಾರ್ ಮಾಡಿದ್ರು?"

"ನಮ್ಮ ಅತ್ತಿ ಮಾಡಿದ್ರು, ಆಯಿ."

"ಅದಕ್ಕೇ ನಿಮ್ಮ ಮಕ್ಕಳು ಉಳದಾವ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಾಟಲಿಯ ತೇವದಲ್ಲಿ ಬೆಳೆದ ಎಲೆಗೆ ನೀರು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ, ನಿಧಾನವಾಗಿ ಕಲಿಸಬೇಕು ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನು. ಎಷ್ಟು ನಿಧಾನ ಎಂಬುದು ಆಯಿಗೆ ಗೊತ್ತಿತ್ತು.

ಮರುದಿನವೇ ಕಾಲೇಜಿನಲ್ಲಿ ಉಳಿದ ಬಾಟಲಿಗಳಿಗೂ ಬಾಣಂತನ ಶುರುವಾಯಿತು. ಗೋಣಿಚೀಲ ನೆನೆಸಿ ಬಾಗಿಲಿಗೆ ಕಟ್ಟಿದೆವು. ಭಾಲ್ಕಿಯ ಹುಡುಗ ಕಾವಲಿಗೆ ಕೂತು ಪ್ರಿನ್ಸಿಪಾಲರನ್ನೇ ತಡೆದ: "ಹಡದ ಮನಿ ಅದರಿ ಸರ್, ಚಪ್ಪಲಿ ಬಿಡ್ರಿ." ಅವರು ಬಿಟ್ಟರು ಕೂಡ.

ಪರೀಕ್ಷೆಯ ದಿನ ಹುಡುಗಿ ಬುಟ್ಟಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಮೇಲೆ ಹೊದಿಸಿದ್ದ ಸೀರೆ ಸರಿಸಿದಾಗ ಹನ್ನೊಂದು ಸಸಿ ನಿಂತಿದ್ದವು, ಪ್ರತಿಯೊಂದರಲ್ಲೂ ಹೊಸ ಎಲೆ. ಹೊರಗಿನಿಂದ ಬಂದ ಪರೀಕ್ಷಕರು ಎಲೆ ಮುಟ್ಟಿ ನೋಡಿದರು, ಬಗ್ಗಿ ಬುಡ ನೋಡಿದರು.

"ಇದು ಯಾವ ಪುಸ್ತಕದ ಪದ್ಧತಿ?"

"ನಮ್ಮ ಆಯಿದ್ರಿ ಸರ್."

ಅವರು ಕೂತು ಪೂರ್ತಿ ಕೇಳಿದರು. ಹುಣಸೆ ಬೀಜದ ವಿಷಯವನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ನಾಲ್ವರೂ ಪಾಸಾದರು. ಎಲ್ಲರಿಗಿಂತ ಹೆಚ್ಚು ಅಂಕ ಅವಳದೇ. ಆ ಸಂಜೆ ನಾನು ಮನೆಗೆ ನಡೆದುಹೋದದ್ದು, ಸ್ವತಃ ನನಗೇ ಪದವಿ ಬಂದಂತೆ.

ಜೂನ್‌ನಲ್ಲಿ ಅವಳ ಅಪ್ಪ ಹೈದರಾಬಾದಿನಿಂದ ಬಂದ. ಕಾಲೇಜಿನ ಆಫೀಸಿನಲ್ಲಿ ನಿಂತು ಮಗಳ ಎಂ.ಎಸ್ಸಿ. ಅರ್ಜಿಗೆ ಸಹಿ ಹಾಕಿದ. ಮಧ್ಯಾಹ್ನದ ಬಸ್ಸಿಗೆ ಒಬ್ಬನೇ ವಾಪಸ್ಸು ಹೋದ.