ಗಡ್ಡೆಯ ಅಂಚು

ಬೆಳಿಗ್ಗೆ ಪ್ರಯೋಗಾಲಯದಲ್ಲಿ ಕೈಗವಸು ಹರಿದು ಹೆಬ್ಬೆರಳಿಗೆ ಹಸಿರು ಬಣ್ಣ ಹತ್ತಿತು. ತಿಕ್ಕುತ್ತ ನಿಂತಾಗ ನೆನಪಾದದ್ದು ವಾಡಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನ ಪಕ್ಕದ ಮನೆಯ ಖಾಲಾ, ಚಿಕ್ಕಮ್ಮನಂಥವರು. ದುಪಟ್ಟಾಗಳಿಗೆ ಬಣ್ಣ ಹಾಕಿಕೊಡುವುದು ಅವರ ಕೆಲಸ. ಅವರ ಉಗುರುಗಳ ಸ್ವಂತ ಬಣ್ಣ ಯಾವುದೆಂದು ನಾನು ನೋಡಿದ್ದೇ ಇಲ್ಲ.

ನನ್ನದೂ ಬಣ್ಣ ಹಾಕುವ ಕೆಲಸವೇ. ನಮ್ಮ ಮೈಯಲ್ಲಿ ಪ್ರತಿಕಾಯಗಳಿವೆಯಲ್ಲ, ಒಂದೊಂದೂ ತನಗೆ ಬೇಕಾದ್ದನ್ನೇ ಹುಡುಕಿ ಹಿಡಿಯುತ್ತದೆ. ಕ್ಯಾನ್ಸರ್ ಗಡ್ಡೆಯನ್ನು ಹಿಡಿಯುವಂಥದನ್ನು ಆರಿಸಿ, ಅದಕ್ಕೆ ಹೊಳೆಯುವ ಬಣ್ಣ ಕಟ್ಟಿ ರಕ್ತಕ್ಕೆ ಬಿಟ್ಟರೆ, ವಿಶೇಷ ಬೆಳಕಿನಲ್ಲಿ ಗಡ್ಡೆ ಬೆಳಗುತ್ತದೆ. ಹೇಳುವುದು ಸುಲಭ. ಹೆಚ್ಚು ಬಣ್ಣ ಕಟ್ಟಿದರೆ ಹೆಚ್ಚು ಹೊಳೆಯುತ್ತದೆಂದು ನಂಬಿ ನಾನು ಒಂದು ವರ್ಷ ಕಳೆದೆ. ಪ್ರಯೋಗದ ಇಲಿಯ ಗಡ್ಡೆ ಕತ್ತಲಾಗಿಯೇ ಉಳಿಯಿತು, ಅದರ ಯಕೃತ್ತು ದೀಪದ ಹಾಗೆ ಬೆಳಗಿತು. ಬಣ್ಣ ಹೆಚ್ಚಾದ ಪ್ರತಿಕಾಯ ಗಡ್ಡೆ ಹಿಡಿಯಲಾರದೆ ಯಕೃತ್ತಿಗೆ ಹೋಗಿ ಸೇರುತ್ತಿತ್ತು.

ಆ ಬೇಸರದಲ್ಲಿ ಊರಿಗೆ ಹೋದಾಗ ಖಾಲಾ ಮುಂದೆ ಕೂತು ಎಲ್ಲ ಹೇಳಿಕೊಂಡೆ. ಬಣ್ಣದ ಬಕೆಟ್ಟಿನಲ್ಲಿ ಕೋಲು ಆಡಿಸುತ್ತ ಕೇಳಿಸಿಕೊಂಡು ಅವರು ಹೇಳಿದರು:

"ಬಣ್ಣ ಭಾಳ ಕುಡಿಸಿದ್ರ ದುಪಟ್ಟಾ ಬಿರುಸಾಗ್ತದ ಬೇಟಿ. ಮೈಮ್ಯಾಲ ಕುಂದ್ರಂಗಿಲ್ಲ."

ಇದರಿಂದ ನನ್ನ ಸಂಶೋಧನೆ ಬಗೆಹರಿಯಿತೆಂದು ತಿಳಿಯಬೇಡಿ. ನನ್ನ ಮಾರ್ಗದರ್ಶಕರು ಆರು ತಿಂಗಳಿಂದ ಇದನ್ನೇ ಹೇಳುತ್ತಿದ್ದರು. ಕೇಳಿಸಿಕೊಳ್ಳುವಷ್ಟು ವಿನಯ ನನಗಿರಲಿಲ್ಲ, ಅಷ್ಟೆ.

ಆಮೇಲೆ ಖಾಲಾ ಕೋಲು ಬದಿಗಿಟ್ಟು, ಗಡ್ಡೆ ಮೊದಲು ಹೇಗಿರುತ್ತದೆ, ನೋಯುತ್ತದೆಯೇ ಎಂದು ಕೇಳಿದರು. ಸಣ್ಣದಿದ್ದಾಗ ಬಹಳ ಸಲ ನೋಯುವುದಿಲ್ಲ ಎಂದೆ, ಪಾಠ ಒಪ್ಪಿಸುವವಳ ಹಾಗೆ. ಅವರು ನನ್ನ ಕೈ ಹಿಡಿದು ತಮ್ಮ ಎಡಗಂಕುಳ ಹತ್ತಿರ ಇಟ್ಟುಕೊಂಡರು.

"ನಂದೂ ನೋಯಂಗಿಲ್ಲ," ಎಂದರು.

ಗಡ್ಡೆ ಹುಡುಕುವುದೇ ನನ್ನ ಕಸುಬು. ಅಲ್ಲಿಯ ತನಕ ಅವರೆದುರು ಚಹಾ ಕುಡಿಯುತ್ತ ಇಲಿಗಳ ಬಗ್ಗೆ ಭಾಷಣ ಮಾಡುತ್ತಿದ್ದೆ.

ಮರುದಿನವೇ ಕಲಬುರಗಿಗೆ ಕರೆದೊಯ್ದೆ. ಕ್ಯಾನ್ಸರೇ ಎಂದು ಗೊತ್ತಾಯಿತು, ಆಪರೇಷನ್ ಆಯಿತು. ಎರಡು ವಾರಕ್ಕೆ ಆಸ್ಪತ್ರೆಯವರು ಮತ್ತೆ ಕರೆದರು. ಅಂಚಿನಲ್ಲಿ ಚೂರು ಉಳಿದಿತ್ತು. ತಪ್ಪು ಯಾರದೂ ಅಲ್ಲ, ಗಡ್ಡೆ ಎಲ್ಲಿ ಮುಗಿಯುತ್ತದೆಂದು ಬರಿಗಣ್ಣಿಗೆ ತಿಳಿಯುವುದು ಕಷ್ಟ. ನಿನ್ನ ಬಣ್ಣ ಇದ್ದಿದ್ದರೆ ಕಾಣುತ್ತಿತ್ತೇನು ಎಂದು ಖಾಲಾ ಕೇಳಿದರು. ಕಾಣಬಹುದಿತ್ತು, ಆದರೆ ಅದನ್ನಿನ್ನೂ ಮನುಷ್ಯರಿಗೆ ಕೊಡುವ ಹಾಗಿಲ್ಲ ಎಂದೆ. ಅವರ ಮುಖ ನೋಡಲಾಗಲಿಲ್ಲ.

"ಹಂಗಾದ್ರ ಸಾವಕಾಶ ಮಾಡು," ಎಂದರು. "ಕೆಡಿಸಬ್ಯಾಡ."

ಇನ್ನೊಂದು ಆಪರೇಷನ್, ಕೀಮೋ ಎಲ್ಲ ಮುಗಿದು ಈಗ ಖಾಲಾ ಆರಾಮಿದ್ದಾರೆ, ಉದುರಿದ ಕೂದಲು ಮತ್ತೆ ಬಂದಿದೆ. ನನ್ನ ಕೆಲಸ ಇನ್ನೂ ಇಲಿಗಳಲ್ಲೇ ಇದೆ. ಬಣ್ಣ ಕಡಿಮೆ ಮಾಡಿದ ಮೇಲೆ ಗಡ್ಡೆ ಬೆಳಗಿತು, ಅಂಚೂ ಸ್ವಲ್ಪ ಕಾಣುತ್ತಿದೆ.

ಹೋದ ಐತವಾರ ವಾಡಿಗೆ ಹೋದರೆ ಅವರ ಪಡಸಾಲೆಯಲ್ಲಿ ನಾಲ್ವರು ಹೆಂಗಸರು ಕೂತಿದ್ದರು. ಖಾಲಾನೇ ಕರೆಸಿದ್ದು. ನಾನು ಡಾಕ್ಟರಲ್ಲ ಎಂದು ಮೊದಲೇ ಹೇಳಿ, ಏನು ಗಮನಿಸಬೇಕು, ಎಲ್ಲಿ ತೋರಿಸಬೇಕು ಎಂದು ವಿವರಿಸಿದೆ. ಎಲ್ಲರೂ ನೆಲ ನೋಡುತ್ತ ಕೇಳಿದರು. ಮೂವರು ಎದ್ದು ಹೋದರು. ಚಿತ್ತಾಪುರದಿಂದ ಮದುವೆಯಾಗಿ ಬಂದ ಒಬ್ಬಾಕೆ ಮಾತ್ರ ಸೆರಗಿನ ತುದಿ ಸುತ್ತುತ್ತ ಕೂತೇ ಇದ್ದಳು.

"ಅಕ್ಕಾರ, ಬಾಗಿಲಾ ಹಾಕ್ರಿ," ಎಂದಳು.

ನಾನು ಎದ್ದು ಬಾಗಿಲು ಹಾಕಿ ಅವಳ ಪಕ್ಕ ಕೂತೆ. ಈ ಸಲ ಏನೂ ವಿವರಿಸಲಿಲ್ಲ.